ಬಟ್ಟೆಗಳ ವಿಚಾರ

(ಬಾನುಲಿ ಭಾಷಣ)



ಅರವತ್ತೇಳರ ವಯಸ್ಸಿನಲ್ಲಿ ಸೈಕಲ್ಲಿನ ವಿಚಾರ ಮಾತನಾಡಲು ಹೊರಟ ನಿವೃತ್ತ ಕನ್ನಡ ಅಧ್ಯಾಪಕನನ್ನು ಕುರಿತು ತಮ್ಮಲ್ಲಿ ಕೆಲವರಿಗಾದರೂ ನಗು ಬಂದೀತು. ನಮ್ಮ ಮನೆಯಲ್ಲಿಯೂ ನಕ್ಕರು. ಆದರೆ ಹಲಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಸೈಕಲ್ಲು ಎಂದೂ ಆಟದ ಸಾಮಾನಾಗಿರಲಿಲ್ಲ. ಹಳೆಯ ಮದರಾಸು ರಸ್ತೆಯಲ್ಲಿ ಬೆಳಗಿನ ಪಾಳಿಗೆಂದು ಐ.ಟಿ.ಐ., ಎನ್.ಜಿ.ಇ.ಎಫ್. ಕಾರ್ಖಾನೆಗಳ ಕಡೆಗೆ ಕೆಲಸಗಾರರು ಸಾಲುಸಾಲಾಗಿ, ಹ್ಯಾಂಡಲಿಗೆ ಊಟದ ಡಬ್ಬಿ ತೂಗುಹಾಕಿಕೊಂಡು ತುಳಿದು ಹೋಗುತ್ತಿದ್ದುದನ್ನು ನೋಡುತ್ತಲೇ ನಾನು ದೊಡ್ಡವನಾದೆ.

೧೯೮೦ರಲ್ಲಿ ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಸಹಪಾಠಿಯೊಬ್ಬ ಕೃಷ್ಣರಾಜಪುರದಿಂದಾಚೆ ಬಿದರಹಳ್ಳಿ ಹೋಬಳಿಯ ಒಂದು ಹಳ್ಳಿಯವನು. ಇಬ್ಬರಿಗೂ ಶಾಸನಗಳ ಹುಚ್ಚು. ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಿಂದ ಊರುಗಳ ಹೆಸರನ್ನು ಗುರುತುಮಾಡಿಕೊಂಡು ಭಾನುವಾರದ ನಸುಕಿನಲ್ಲಿ ಹೊರಡುತ್ತಿದ್ದೆವು. ವೀರಗಲ್ಲು ಸಿಕ್ಕಿದರೆ ಸಂತೋಷ. ಸಿಗದಿದ್ದರೆ ಯಾರದಾದರೂ ಜಗಲಿಯ ಮೇಲೆ ಒಂದು ಚೊಂಬು ಮಜ್ಜಿಗೆ. ನನ್ನದು ಅಣ್ಣನ ಕಾಲದಿಂದ ಬಂದ ಕರಿಯ ಅಟ್ಲಾಸ್ ಸೈಕಲ್ಲು. ಗೇರೆಂಬುದಿಲ್ಲ, ಬ್ರೇಕಿದ್ದರೂ ಅದನ್ನು ನಂಬುವಂತಿಲ್ಲ. ಹಲಸೂರು ಬಿಟ್ಟರೆ ಬಲಕ್ಕೆ ಆಗಿನ್ನೂ ಮನೆಗಳೇಳುತ್ತಿದ್ದ ಇಂದಿರಾನಗರ, ಮುಂದೆ ಬೈಯಪ್ಪನಹಳ್ಳಿ, ಟಿನ್ ಫ್ಯಾಕ್ಟರಿ, ಕೃಷ್ಣರಾಜಪುರ, ಆಮೇಲೆ ಎಲೆಮಲ್ಲಪ್ಪ ಶೆಟ್ಟಿ ಕೆರೆ. ಅದನ್ನು ದಾಟಿದೊಡನೆ ಡಾಂಬರು ಬಿಟ್ಟು ಎಡಕ್ಕೆ ಇಳಿದುಬಿಡುತ್ತಿದ್ದೆವು.

ಬೆಂಗಳೂರಿನ ಮೂಡಣ ಸೀಮೆ ಮಟ್ಟಸವೆಂದು ರೈಲಿನಲ್ಲಿ ಹೋದವರು ತಿಳಿದಿರುತ್ತಾರೆ. ಸೈಕಲ್ಲು ತುಳಿದವನ ತೊಡೆಗೆ ನಿಜ ಗೊತ್ತು. ದಿಣ್ಣೆ ಏರಿದರೆ ಮುಂದೆ ತಗ್ಗು, ತಗ್ಗಿನಲ್ಲೊಂದು ಕೆರೆ, ಅದರ ಕೋಡಿಯ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ಕೊನೆಗೆ ದಕ್ಷಿಣ ಪಿನಾಕಿನಿಗೆ. ಕೆರೆಯ ಏರಿಯ ಮೇಲಿನ ದಾರಿಯಂಥ ಸುಖ ಬೇರೆ ಇಲ್ಲ: ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಗದ್ದೆ, ಗಾಳಿ ಬೆನ್ನಿಗಿದ್ದರೆ ತುಳಿಯಲೇಬೇಕಾಗಿಲ್ಲ. ಬಂಡಿದಾರಿಯ ಮಾತು ಬೇರೆ. ಎರಡು ಗಾಲಿಗಳ ಜಾಡಿನಲ್ಲಿ ಒಂದನ್ನು ಹಿಡಿದರೆ ಬಿಡುವಂತಿಲ್ಲ. ನಡುವಿನ ದಿಬ್ಬಕ್ಕೆ ಪೆಡಲು ತಗುಲಿತೋ, ಸವಾರ ರಾಗಿಯ ಹೊಲದಲ್ಲಿ. ಮಳೆ ಬಿದ್ದ ಮರುದಿನ ಕೆಮ್ಮಣ್ಣು ಮಡ್ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದು. ಕಡ್ಡಿಯಿಂದ ಕೆದಕಿ ಕೆದಕಿ ಹೋಗಬೇಕು. ಬೇಸಗೆಯಲ್ಲಿ ಜಾಲಿಯ ಮುಳ್ಳು. ಪಂಕ್ಚರು ಹಾಕುವ ವಿದ್ಯೆಯನ್ನು ನಾನು ಹಳಗನ್ನಡ ವ್ಯಾಕರಣಕ್ಕಿಂತ ಮೊದಲೇ ಕಲಿತೆ.

ಹಳಗನ್ನಡದಲ್ಲಿ 'ಬಟ್ಟೆ' ಎಂದರೆ ದಾರಿ. ದಾರಿಹೋಕ 'ಬಟ್ಟೆಗ'. ಭೂದಾನದ ಶಾಸನಗಳು ಎಲ್ಲೆ ಹೇಳುವಾಗ ಹುತ್ತ, ಮರ, ಬಂಡೆ, ಕೆರೆಕೋಡಿಗಳ ಜೊತೆಗೆ ದಾರಿಯನ್ನೂ ಹೆಸರಿಸುವುದುಂಟು. ಕಲ್ಲಿನ ಮೇಲೆ ಕೆತ್ತಿಸುವಷ್ಟು ನಚ್ಚು ಆ ಜನಕ್ಕೆ ದಾರಿಯ ಮೇಲೆ. ಅದು ನಾಳೆಯೂ ಅಲ್ಲಿಯೇ ಇರುತ್ತದೆ ಎಂದೇ ಅವರು ಬರೆಸಿದರು.

ನಾವು ಮಾಡುತ್ತಿದ್ದುದಕ್ಕೆ ಒಂದು ಹೆಸರಿದೆಯೆಂದು ಆಗ ನಮಗೆ ತಿಳಿಯದು. ಇಂಗ್ಲೆಂಡಿನಲ್ಲಿ ೧೯೫೫ರಲ್ಲಿಯೇ 'ರಫ್ ಸ್ಟಫ್ ಫೆಲೋಶಿಪ್' ಎಂಬ ಸಂಘ ಹುಟ್ಟಿತ್ತು. ಡಾಂಬರು ಬಿಟ್ಟು ಗುಡ್ಡದ ಒರಟು ಹಾದಿಯಲ್ಲಿ ಸಾಮಾನ್ಯ ಸೈಕಲ್ಲನ್ನೇ ತುಳಿಯುವವರ, ಆಗದಿದ್ದೆಡೆ ಹೆಗಲ ಮೇಲೆ ಹೊತ್ತು ನಡೆಯುವವರ ಕೂಟವದು. ದಪ್ಪ ಟಯರಿನ ಬೆಟ್ಟದ ಸೈಕಲ್ಲು ಬಂದದ್ದು ಅನಂತರ. ಅಮೆರಿಕದ ಕ್ಯಾಲಿಫೋರ್ನಿಯದ ಬೆಟ್ಟವೊಂದರಿಂದ ಹಳೆಯ ಸೈಕಲ್ಲುಗಳ ಮೇಲೆ ಇಳಿಯುವ ಪಂದ್ಯ ೧೯೭೬ರಲ್ಲಿ ಶುರುವಾಯಿತು, ೧೯೯೬ರ ಹೊತ್ತಿಗೆ ಅದು ಒಲಿಂಪಿಕ್ ಆಟವಾಯಿತು. ಈ ಲೆಕ್ಕದಲ್ಲಿ ನಾನೂ ನನ್ನ ಗೆಳೆಯನೂ ಆ ಹಳೆಯ ಸಂಘದ ಚಂದಾ ಕೊಡದ ಸದಸ್ಯರು.

ಮಗಳು ಇಂಗ್ಲೆಂಡಿನ ದಕ್ಷಿಣಕ್ಕೆ, ಲೂಯಿಸ್ ಎಂಬ ಊರಿನ ಸಮೀಪ ವಾಸವಾಗಿದ್ದಾಳೆ. ಎರಡು ವರ್ಷದ ಕೆಳಗೆ ಹೋಗಿದ್ದಾಗ ಅಳಿಯಂದಿರು ಬಾಡಿಗೆಗೆ ಒಂದು ಬೆಟ್ಟದ ಸೈಕಲ್ಲು ತಂದುಕೊಟ್ಟರು. ಊರ ಹಿಂದೆಯೇ ಸೌತ್ ಡೌನ್ಸ್ ಗುಡ್ಡಗಳ ಸಾಲು. ಅವು ನಮ್ಮ ನಂದಿಯಂತೆ ಎದ್ದು ನಿಂತ ಬೆಟ್ಟಗಳಲ್ಲ. ಹೆಸರಾಂತ ಡಿಚ್ಲಿಂಗ್ ಬೀಕನ್ ಕೂಡ ೨೪೮ ಮೀಟರು ಮಾತ್ರ. ಹುಲ್ಲು ಹೊದ್ದ ದಿಣ್ಣೆ, ಅದರಾಚೆ ಇನ್ನೊಂದು, ಕೆದಕಿದರೆ ಒಳಗೆಲ್ಲ ಬಿಳಿಯ ಸುಣ್ಣಮಣ್ಣು. ಆ ಮಣ್ಣು ನೀರು ಹಿಡಿಯದಾದ್ದರಿಂದ ದನಕುರಿಗಳಿಗಾಗಿ ತಳಕ್ಕೆ ಜೇಡಿಮಣ್ಣು ಬಡಿದು ಕುಂಟೆ ಕಟ್ಟಿದ್ದಾರೆ. ಕೆರೆಯ ನಾಡಿನವನಿಗೆ ಅವನ್ನು ಕಂಡು ಕನಿಕರವಾಯಿತು.

ನನ್ನನ್ನು ತಡೆದು ನಿಲ್ಲಿಸಿದ್ದು ಮಾತ್ರ ಒಂದು ಮರದ ಗೇಟು. ಆಚೆ ಯಾರದೋ ಖಾಸಗಿ ಹೊಲ. ಕಂಬದ ಮೇಲೆ ನೀಲಿ ಬಾಣದ ಗುರುತು. ಹಿಂದಿರುಗೋಣವೆಂದೆ. ಅಳಿಯಂದಿರು ಗೇಟು ತೆರೆದು, "ಬನ್ನಿ ಮಾವ, ಇದು ದಾರಿ" ಎಂದರು. ಹಳದಿ ಬಾಣವಿದ್ದರೆ ಕಾಲ್ನಡೆಯವರಿಗೆ ಮಾತ್ರ. ನೀಲಿಯಾದರೆ ಕುದುರೆ ಸವಾರರಿಗೂ ಸೈಕಲ್ಲಿನವರಿಗೂ ಹಕ್ಕುಂಟು. ಈ ಕುದುರೆದಾರಿಗಳಲ್ಲಿ ಸೈಕಲ್ಲು ಹೋಗಬಹುದೆಂದು ಅವರು ೧೯೬೮ರಲ್ಲಿ ಶಾಸನ ಮಾಡಿದರು. ನಡೆಯುವವರಿಗೂ ಕುದುರೆಗೂ ಸೈಕಲ್ಲಿನವನು ಎಡೆ ಬಿಡಬೇಕು, ಅಷ್ಟೆ. ೧೯೪೯ರ ಇನ್ನೊಂದು ಕಾಯಿದೆಯ ಪ್ರಕಾರ ಇಂಥ ದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸಿದ್ದಾರೆ. ಹೊಲದ ನಡುವೆ ಹಾಯುವ ದಾರಿಯನ್ನು ಬಿತ್ತನೆಗಾಗಿ ಉತ್ತರೂ ೧೪ ದಿನದೊಳಗೆ ಮತ್ತೆ ಸರಿಮಾಡಿಕೊಡಬೇಕು. ೧೯೭೨ರಲ್ಲಿ ತೆರೆದ ಸೌತ್ ಡೌನ್ಸ್ ವೇ ಇಂದು ವಿಂಚೆಸ್ಟರಿನಿಂದ ಈಸ್ಟ್‌ಬೋರ್ನ್ ಕಡಲತೀರದವರೆಗೆ ಸುಮಾರು ೧೬೦ ಕಿಲೋಮೀಟರು ಸಾಗುತ್ತದೆ. ಅಷ್ಟುದ್ದದ ಸೈಕಲ್ಲಿನ ಸೊಗಸಿಗೆ ಕಾರಣ ಆ ಸೀಮೆಯ ಚೆಲುವು ಎಂದುಕೊಂಡಿದ್ದೆ. ಚೆಲುವಿಗೇನು, ನಮ್ಮಲ್ಲಿಯೂ ಉಂಟು. ಅವರಲ್ಲಿರುವುದು ಆ ಬಾಣದ ಗುರುತು.

ಹಾಗೆಂದು ನಮ್ಮಲ್ಲಿ ಕಾನೂನೇ ಇಲ್ಲವೆಂದರೆ ತಪ್ಪಾದೀತು. ಊರಿನ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಸರ್ವೆಯವರು ತುಂಡುಗೆರೆಗಳಿಂದ ತೋರಿಸಿದ್ದಾರೆ. 'ನಕಾಶೆ ಕಂಡ ದಾರಿ' ಎಂದು ರೈತರು ಹೇಳುವುದು ಇದನ್ನೇ. ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರ್ಕಾರದ ಸ್ವತ್ತೆಂದು ೧೯೬೪ರ ಕರ್ನಾಟಕ ಭೂಕಂದಾಯ ಕಾಯಿದೆಯ ೬೭ನೆಯ ಕಲಮು ಹೇಳುತ್ತದೆ. ಈಗ ಆ ನಕಾಶೆಗಳನ್ನು ಕಂದಾಯ ಇಲಾಖೆ ಅಂತರಜಾಲದಲ್ಲಿಯೂ ಇಟ್ಟಿದೆ. ಗೆರೆ ಇದೆ, ಗೆರೆಯ ಮೇಲೆ ನಡೆಯುವವರು ಕಡಿಮೆಯಾದರು. ಎತ್ತು ಹೋಯಿತು, ಬಂಡಿ ಹೋಯಿತು, ದಾರಿ ಯಾರಿಗೂ ಬೇಡವಾಯಿತೆಂದು ಪಕ್ಕದ ಜಮೀನು ಕೊಂಡವರು ಭಾವಿಸಿದರು.

ಇಂಗ್ಲೆಂಡಿನಿಂದ ಬಂದ ಮೇಲೆ ಮೊಮ್ಮಗನನ್ನು ಕರೆದುಕೊಂಡು ಹಳೆಯ ದಾರಿಯಲ್ಲಿ ಗೆಳೆಯನ ಊರಿಗೆ ಹೊರಟೆ. ಅವನದು ಹದಿನೈದು ವಯಸ್ಸು, ಗೇರಿನ ಸೈಕಲ್ಲು. ದಿಣ್ಣೆಯ ಮೇಲೆ ನಿಂತು ನನಗಾಗಿ ಕಾಯುತ್ತಿದ್ದ. ಕೃಷ್ಣರಾಜಪುರದಲ್ಲಿ ೨೦೦೩ರ ತೂಗುಸೇತುವೆ, ಅದರ ಮಗ್ಗುಲಿಗೆ ೨೦೨೩ರಿಂದ ಓಡುವ ಮೆಟ್ರೋ. ಆ ಗದ್ದಲ ದಾಟಿ, ಕೆರೆ ದಾಟಿ, ಎಡಕ್ಕೆ ಇಳಿದೆವು. ನೀಲಗಿರಿ ತೋಪಿನವರೆಗೆ ಬಂಡಿದಾರಿ ಇದ್ದಹಾಗೇ ಇತ್ತು. ತೋಪು ಮುಗಿದಲ್ಲಿ ಎರಡಾಳೆತ್ತರದ ಗೋಡೆ, ಒಳಗೆ ಬಡಾವಣೆ. ಮೊಮ್ಮಗ ಫೋನಿನಲ್ಲಿ ನಕಾಶೆ ತೆರೆದು, "ತಾತ, ನಾವು ದಾರಿಯ ಮೇಲೇ ಇದ್ದೇವೆ, ಗೋಡೆಯೇ ದಾರಿ ತಪ್ಪಿದೆ" ಎಂದ.

ಸುತ್ತು ಹಾದಿಯಲ್ಲಿ ಐದು ಮೈಲಿ ಬಳಸಿ ಗೆಳೆಯನ ಮನೆ ಸೇರಿದೆವು. ಅವನು ನಿವೃತ್ತನಾಗಿ ಊರಿನಲ್ಲಿಯೇ ನೆಲೆಸಿದ್ದಾನೆ. ನಲವತ್ತು ವರ್ಷದ ಹಿಂದೆ ವೀರಗಲ್ಲು ಹುಡುಕಿ ಬಂದ ನಮಗೆ ಬಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿ, "ಕಲ್ಲು ಓದಿ ಹೊಟ್ಟೆ ತುಂಬೀತೇನ್ರಪ್ಪಾ?" ಎನ್ನುತ್ತಿದ್ದ ಅವನ ತಾಯಿ ೨೦೧೯ರಲ್ಲಿ ತೀರಿಕೊಂಡಿದ್ದರು. ಅವರ ಹೊಲ ಆ ಗೋಡೆಯಾಚೆಗೆ. ಗಂಡನ ಪಕ್ಕದಲ್ಲಿ ಮಣ್ಣು ಮಾಡಬೇಕೆಂಬುದು ಆಕೆಯ ಆಸೆ. ಹೆಗಲ ಮೇಲೆ ಹೊತ್ತರೆ ಕಾಲುಗಂಟೆಯ ಹಾದಿ. ವ್ಯಾನಿನಲ್ಲಿ ಹೆದ್ದಾರಿ ಸುತ್ತಿ ಒಯ್ದರಂತೆ. ಗೆಳೆಯ ಇದನ್ನು ಹೇಳುವಾಗ ಕೋಪಗೊಳ್ಳಲಿಲ್ಲ. ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದ.

ಆಮೇಲೆ ಇಬ್ಬರೂ ಸೇರಿ ನಕಾಶೆಯ ದೃಢೀಕೃತ ಪ್ರತಿ ತೆಗೆಸಿ ಅರ್ಜಿ ಕೊಟ್ಟೆವು. ಶಾಸನ ಓದಿದ ಅಭ್ಯಾಸದಿಂದ ಎಲ್ಲೆಯ ವಿವರ ಬರೆಯುವುದು ನನಗೆ ಕಷ್ಟವಾಗಲಿಲ್ಲ. ಏಳು ತಿಂಗಳು, ಹನ್ನೊಂದು ಓಡಾಟ. ಸರ್ವೆಯವರು ಬಂದು ಸರಪಳಿ ಎಳೆದರು. ಬಡಾವಣೆಯವರು ಗೋಡೆ ಕೆಡವಲಿಲ್ಲ. ಒಂದು ದಿಡ್ಡಿ ಬಾಗಿಲು ಇಟ್ಟರು. ಬಂಡಿ ಹೋಗದು, ಚಟ್ಟವೂ ಹೋಗದು. ಮುಂದಿನ ವಿಚಾರಣೆ ಬರುವ ತಿಂಗಳಿಗಿದೆ.

ಹೋದ ಭಾನುವಾರ ಮೊಮ್ಮಗನೂ ನಾನೂ ಹ್ಯಾಂಡಲು ಓರೆ ಮಾಡಿ ಆ ಬಾಗಿಲಿನಲ್ಲಿ ನುಸುಳಿದೆವು. ಕಾವಲುಗಾರ ರಿಜಿಸ್ಟರು ಚಾಚಿ, ಯಾರ ಮನೆಗೆಂದು ಬರೆಯಿರಿ ಎಂದ. ಹುಡುಗ ಪೆನ್ನು ತೆಗೆದುಕೊಂಡು ಆ ಕಲಮಿನಲ್ಲಿ 'ದಾರಿ' ಎಂದು ಬರೆದ.