ಉಕ್ಕಿನ ಟೊಪ್ಪಿಗೆಯ ಒಳಮೈ

(ಹಳೆಯ ವಸ್ತುಗಳ ಆಸಕ್ತರ ಮುಂದೆ ಓದಿದ ಉಪನ್ಯಾಸದ ಪಠ್ಯ)



ಹೆಲ್ಮೆಟ್ ಎಂದೊಡನೆ ಸ್ಕೂಟರ್ ಸವಾರರ ಗೊಣಗಾಟ ನೆನಪಾಗುವ ಊರು ಇದು. ಯಾವನೋ ಜರ್ಮನ್ ಸೈನಿಕ ಬೆವರು ಸುರಿಸಿದ ಹಳೆಯ ಉಕ್ಕಿನ ಟೊಪ್ಪಿಗೆಗೆ ಸಾವಿರಾರು ಡಾಲರ್ ಸುರಿಯುವವರಿದ್ದಾರೆ ಎಂದರೆ ಇಲ್ಲಿ ನಗು ಬಂದೀತು. ಆದರೆ ಯೂರೋಪ್, ಅಮೆರಿಕಗಳಲ್ಲಿ ಇಂಥ ಸಂಗ್ರಾಹಕರಿಗೇನೂ ಕೊರತೆಯಿಲ್ಲ. ಅವರಲ್ಲಿ ಬಹುಮಂದಿ ಹೊರಮೈಯ ಲಾಂಛನ ನೋಡಿ ಬೆಲೆ ಕಟ್ಟುತ್ತಾರೆ. ತಿಳಿದವರು ಟೊಪ್ಪಿಗೆಯನ್ನು ಕೈಗೆತ್ತಿಕೊಂಡು ಮೊದಲು ಮಗುಚಿ ನೋಡುತ್ತಾರೆ.

ಮೊದಲು ಬಂದದ್ದು ನೆತ್ತಿಯ ಮೇಲೆ ಈಟಿಯಂಥ ಮೊನೆ ಇದ್ದ ‘ಪಿಕೆಲ್‌ಹೌಬೆ’. 1842ರಲ್ಲಿ ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಅದನ್ನು ಸೇನೆಗೆ ತಂದ. ಗಟ್ಟಿ ಮಾಡಿದ ಚರ್ಮ, ಮುಂಭಾಗದಲ್ಲಿ ಹೊಳೆಯುವ ಲೋಹದ ಹದ್ದು. ಮೆರವಣಿಗೆಗೆ ಹೇಳಿ ಮಾಡಿಸಿದಂಥದ್ದು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾದಾಗ ಸೈನಿಕರು ಅದರ ಹೊಳಪು ಮರೆಸಲು ಬಟ್ಟೆಯ ಗವಸು ತೊಡಿಸಿಯೇ ಹೊರಟರು. ಚರ್ಮದ ಅಭಾವ ಬಂದು ಫೆಲ್ಟಿನಲ್ಲೂ ತಗಡಿನಲ್ಲೂ ಟೊಪ್ಪಿಗೆಗಳಾದವು. ಅಷ್ಟರಲ್ಲಿ ಯುದ್ಧವೇ ಕಂದಕಕ್ಕೆ ಇಳಿದಿತ್ತು. ಕಂದಕದಲ್ಲಿ ನಿಂತವನ ಮೈಯೆಲ್ಲ ನೆಲದ ಮರೆಯಲ್ಲಿರುತ್ತದೆ, ಅಪಾಯವೆಲ್ಲ ತಲೆಗೆ. ಮೇಲೆ ಸಿಡಿದ ಶೆಲ್ಲುಗಳ ಚೂರುಗಳನ್ನು ಚರ್ಮ ತಡೆಯಲಾರದು.

ಶಸ್ತ್ರವೈದ್ಯ ಆಗಸ್ಟ್ ಬೀಯರ್ ಇಂಥ ಗಾಯಾಳುಗಳನ್ನು ನೋಡಿದವನು. ತೀರ ಸಣ್ಣ ಲೋಹದ ಚೂರುಗಳೇ ಮಿದುಳಿನಲ್ಲಿ ದೊಡ್ಡ ಅನಾಹುತ ಮಾಡುವುದು ಅವನ ಗಮನಕ್ಕೆ ಬಂತು. ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದ ಎಂಜಿನಿಯರ್ ಫ್ರೆಡ್ರಿಕ್ ಶ್ವೆರ್ಡ್ ಉಕ್ಕಿನ ಟೊಪ್ಪಿಗೆಯ ವಿನ್ಯಾಸ ಮಾಡಿದ. ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಮುಚ್ಚುವಂತೆ ಇಳಿಬಿದ್ದ ಆ ಅಂಚು ಅಲಂಕಾರಕ್ಕೆ ಬಂದದ್ದಲ್ಲ. 1916ರ ಆರಂಭದಲ್ಲಿ ವೆರ್ಡನ್ ರಣರಂಗದಲ್ಲಿ ಅದು ಬಳಕೆಗೆ ಬಂತು. ಎರಡೂ ಪಕ್ಕಗಳಲ್ಲಿ ಕೊಂಬಿನಂತೆ ಚಾಚಿದ ತುಂಡುಗಳಿಗೆ ಹಣೆಗಾವಲಿನ ದಪ್ಪ ಉಕ್ಕಿನ ಫಲಕವನ್ನು ಸಿಕ್ಕಿಸಬಹುದಿತ್ತು. ಅಷ್ಟು ಭಾರ ಹೊತ್ತು ಓಡಾಡುವವರು ಯಾರು? ಕಾವಲು ನಿಂತವರಂಥ ಕೆಲವರಿಗಷ್ಟೇ ಅದು ಒದಗಿತು. ಟೊಪ್ಪಿಗೆಯಾದರೂ ನೇರ ಬಂದ ಬಂದೂಕಿನ ಗುಂಡನ್ನು ತಡೆಯುತ್ತದೆಂಬ ಭರವಸೆ ಇರಲಿಲ್ಲ. ಅದು ಚೂರುಗಳಿಗೆ ಒಡ್ಡಿದ ಛತ್ರಿ.

ಎರಡನೇ ಮಹಾಯುದ್ಧದ ಟೊಪ್ಪಿಗೆಗಳು ಹಿಟ್ಲರನ ಆಡಳಿತದ ಲೆಕ್ಕದ ಪುಸ್ತಕವಿದ್ದಂತೆ. 1935ರ ಮಾದರಿಯಲ್ಲಿ ಅಂಚನ್ನು ಒಳಕ್ಕೆ ಮಡಿಸಿದೆ. ಗಾಳಿಯಾಡುವ ತೂತಿಗೆ ಪ್ರತ್ಯೇಕ ಬಳೆ ಕೂರಿಸಿದೆ. ಬಣ್ಣ ನಯವಾಗಿದೆ. ಒಂದು ಪಕ್ಕದಲ್ಲಿ ಕಪ್ಪು, ಬಿಳಿ, ಕೆಂಪಿನ ಗುರಾಣಿ, ಇನ್ನೊಂದರಲ್ಲಿ ಹದ್ದು. 1940ರ ಮಾದರಿಗೆ ಬರುವಾಗ ಬಳೆ ಹೋಯಿತು, ತೂತನ್ನು ಉಕ್ಕಿನಲ್ಲೇ ಒತ್ತಿದರು. ಹೊಳೆಯಬಾರದೆಂದು ಬಣ್ಣವನ್ನು ಒರಟು ಮಾಡಿದರು. ಮೂರು ಬಣ್ಣದ ಗುರಾಣಿಯನ್ನೂ ಕೈಬಿಟ್ಟರು. 1942ರ ಮಾದರಿಯಲ್ಲಿ ಅಂಚನ್ನು ಮಡಿಸುವ ಕೆಲಸವನ್ನೇ ಉಳಿಸಿದರು. ಅದರ ಮೇಲೆ ಬೆರಳಾಡಿಸಿದರೆ ಕತ್ತರಿಸಿ ಬಿಟ್ಟ ಉಕ್ಕು ತಾಗುತ್ತದೆ. 1943ರಲ್ಲಿ ಹದ್ದಿನ ಸರದಿಯೂ ಮುಗಿಯಿತು. ಬರ್ಲಿನ್ ರೇಡಿಯೋ ವಿಜಯದ ಮಾತಾಡುತ್ತಿದ್ದ ದಿನಗಳಲ್ಲಿ ಕಾರ್ಖಾನೆಗಳು ಹೀಗೆ ಕೂಲಿ, ಕಾಲ ಉಳಿಸುತ್ತಿದ್ದವು.

ಒಳಗೆ ಎಂಟು ನಾಲಿಗೆಗಳ ಚರ್ಮದ ಪಟ್ಟಿ. ಉಕ್ಕಿನ ಮೇಲೆ ಕಾರ್ಖಾನೆಯ ಮುದ್ರೆ, ಅಳತೆಯ ಸಂಖ್ಯೆ. ‘ಇಟಿ’ ಎಂದರೆ ಥಾಲೆ ಊರಿನದು, ‘ಕ್ಯೂ’ ಎಂದರೆ ಎಸ್ಲಿಂಗನ್‌ನ ಕ್ವಿಸ್ಟ್ ಕಾರ್ಖಾನೆಯದು. ಅದೃಷ್ಟವಿದ್ದರೆ ಹಿಂಭಾಗದ ಒಳ ಅಂಚಿನಲ್ಲಿ ಸೈನಿಕನೊಬ್ಬನ ಹೆಸರು ಸಿಗುತ್ತದೆ. ಕೆಲವೊಮ್ಮೆ ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದಿರುತ್ತದೆ. ಮೊದಲಿನವನ ಗತಿ ಏನಾಯಿತೆಂದು ಉಕ್ಕು ಹೇಳುವುದಿಲ್ಲ.

ಲಾಂಛನಕ್ಕೇ ಹೆಚ್ಚು ದುಡ್ಡು ಬರುವುದರಿಂದ ಮೋಸವೂ ಅಲ್ಲೇ ಹೆಚ್ಚು. ಅದರಲ್ಲೂ ಯಹೂದಿಗಳ ಕಗ್ಗೊಲೆಯ ಮುಂಚೂಣಿಯಲ್ಲಿದ್ದ ಎಸ್‌ಎಸ್ ಪಡೆಯ ಗುರುತು ಇದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಹಾಗಾಗಿ ಸಾಮಾನ್ಯ ಸೈನಿಕನ ಅಸಲಿ ಟೊಪ್ಪಿಗೆಗೆ ಖೋಟಾ ಗುರುತು ಅಂಟಿಸಿ ಮಾರುವವರಿದ್ದಾರೆ. ಕೊಂಡವನ ಹಣವೂ ಹೋಯಿತು, ಟೊಪ್ಪಿಗೆಯ ಸಾಕ್ಷ್ಯವೂ ಕೆಟ್ಟಿತು. ಕೊಲೆಗಡುಕರ ಗುರುತಿಗೇ ಅತಿ ಹೆಚ್ಚು ಗಿರಾಕಿಗಳಿರುವುದು ಈ ಹವ್ಯಾಸದ ಅಸಹ್ಯವಾದ ಮುಖ. ಜರ್ಮನಿಯ ದಂಡಸಂಹಿತೆ ನಾಜಿ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿದೆ. ಶಿಕ್ಷಣ, ಸಂಶೋಧನೆ, ಕಲೆಗಳಿಗೆ ವಿನಾಯಿತಿ ಇದೆ.

1945ರಲ್ಲಿ ಸೋತ ಜರ್ಮನಿಯಲ್ಲಿ ಪಾತ್ರೆಗೂ ಬರ. ಮಿಕ್ಕುಳಿದ ಟೊಪ್ಪಿಗೆಗಳಿಗೆ ತೂತು ಕೊರೆದು, ಹಿಡಿ ಕೂರಿಸಿ ತರಕಾರಿ ಬಸಿಯುವ ಜರಡಿ ಮಾಡಿದರು. ಅಂಥವು ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ಇವೆ.

ಮಾರುಕಟ್ಟೆಗೆ ಬರುವ ತುಕ್ಕು ಹಿಡಿದ ಟೊಪ್ಪಿಗೆಗಳದು ಬೇರೆಯೇ ಕಥೆ. ಪೂರ್ವ ಯೂರೋಪಿನ ಹಳೆಯ ರಣರಂಗಗಳಲ್ಲಿ ರಾತ್ರಿ ಹೊತ್ತು ಲೋಹಶೋಧಕ ಹಿಡಿದು ಕಳ್ಳತನದಿಂದ ಅಗೆಯುವವರಿದ್ದಾರೆ. ಟೊಪ್ಪಿಗೆಯ ಜೊತೆ ಕೆಲವೊಮ್ಮೆ ಎಲುಬುಗಳೂ ಗುರುತಿನ ಬಿಲ್ಲೆಯೂ ಸಿಗುತ್ತವೆ. ಜರ್ಮನ್ ಸೈನಿಕನ ಬಿಲ್ಲೆ ನಡುವೆ ಮುರಿಯುವಂತೆ ಮಾಡಿದ ಅಂಡಾಕಾರದ ತಗಡು. ಆತ ಸತ್ತರೆ ಅರ್ಧ ದಾಖಲೆಗೆ, ಇನ್ನರ್ಧ ಶವದ ಜೊತೆ. 1919ರಲ್ಲಿ ಸ್ಥಾಪನೆಯಾದ ‘ಫೋಲ್ಕ್ಸ್‌ಬುಂಡ್’ ಎಂಬ ಸಂಸ್ಥೆ ಇಂದಿಗೂ ಸತ್ತವರನ್ನು ಹುಡುಕಿ ಮರುಸಂಸ್ಕಾರ ಮಾಡುತ್ತಿದೆ. ಬಿಲ್ಲೆ ಇದ್ದರೆ ಹೆಸರು ತಿಳಿಯುತ್ತದೆ, ಮನೆಯವರಿದ್ದರೆ ಅವರಿಗೆ ಸುದ್ದಿ ಮುಟ್ಟುತ್ತದೆ. ಬಿಲ್ಲೆ ಒಬ್ಬನಿಗೆ, ಟೊಪ್ಪಿಗೆ ಇನ್ನೊಬ್ಬನಿಗೆ ಮಾರಾಟವಾದ ಮೇಲೆ ಸಿಕ್ಕ ಎಲುಬುಗಳನ್ನು ಹೂಳುವ ಕಲ್ಲಿನ ಮೇಲೆ ಕೆತ್ತಲು ಉಳಿಯುವುದು ‘ಒಬ್ಬ ಜರ್ಮನ್ ಸೈನಿಕ’ ಎಂಬಷ್ಟೇ.