ತಿರುಗಿ ಬಂದ ಪೇತ್ರ



ಕನಕಪುರ ತಾಲ್ಲೂಕಿನ ಹಾರೋಬೆಲೆಯನ್ನು ಅರ್ಕಾವತಿಯ ಅಣೆಕಟ್ಟಿನಿಂದ ಬಲ್ಲವರು ಅನೇಕರು. ಅದು ಬಹುಮಟ್ಟಿಗೆ ಕ್ರೈಸ್ತರ ಊರು. ಸಮೀಪದ ಕಪಾಲಬೆಟ್ಟದ ಹೆಸರು ದೂರದವರ ಕಿವಿಗೆ ಬಿದ್ದುದು, 2019ರ ಕ್ರಿಸ್ಮಸ್ ದಿನ ಅಲ್ಲಿ 114 ಅಡಿಯ ಯೇಸುಪ್ರತಿಮೆಗೆ ಶಂಕುಸ್ಥಾಪನೆಯಾಗಿ ವಿವಾದವೆದ್ದ ಮೇಲೆ. ನಾನಿಂದು ಆಡಹೊರಟಿರುವುದು ಎತ್ತರದ ಮಾತಲ್ಲ, ತಗ್ಗುವ ಮಾತು.

ಯೇಸುವಿನ ಯಾತನೆಯ ಕಥೆಯನ್ನು ಊರಿನವರೇ ವೇಷ ಕಟ್ಟಿ ಆಡುವ ಪದ್ಧತಿ ಹಾರೋಬೆಲೆಯಲ್ಲಿ ಬಹುಕಾಲದ್ದು. ಕಥೆ ನಡೆಯಬೇಕಾದರೆ ಒಬ್ಬ ಯೂದನಾಗಬೇಕು, ಒಬ್ಬ ಪೇತ್ರನಾಗಬೇಕು. ಇಬ್ಬರೂ ಗುರುವನ್ನು ಕೈಬಿಟ್ಟವರೇ.

ಪಶ್ಚಾತ್ತಾಪವೆಂದರೆ ಮಾಡಿದ ಮೇಲೆ ಸುಡುವ ತಾಪ. ಹೀಬ್ರೂ ಪ್ರವಾದಿಗಳು ಬಳಸಿದ ಮಾತಿಗೆ ಹಿಂದಿರುಗಿ ಬರುವುದೆಂದು ಅರ್ಥ. ಅದು ದಾರಿ ನಡೆಯುವವನ ಮಾತು. ತಾಪ ಹುಟ್ಟಿದವರೆಲ್ಲ ಹಿಂದಿರುಗುತ್ತಾರೆಯೇ? ಯೂದನಿಗೂ ತಾಪವಿತ್ತು. ನಿರಪರಾಧಿಯನ್ನು ಹಿಡಿದುಕೊಟ್ಟೆನೆಂದು ಒಪ್ಪಿ, ಮೂವತ್ತು ಬೆಳ್ಳಿನಾಣ್ಯಗಳನ್ನು ದೇವಾಲಯದಲ್ಲಿ ಎಸೆದನೆಂದು ಮತ್ತಾಯ ಬರೆಯುತ್ತಾನೆ. ಆದರೆ ಅವನು ಮರಳಿ ಬರಲಿಲ್ಲ. ಅವನ ಗತಿಯನ್ನು ತೀರ್ಮಾನಿಸಲು ನಾವಾರು? ಇಷ್ಟು ಮಾತ್ರ ನನಗೆ ತೋರುತ್ತದೆ: ತನಗೆ ಕ್ಷಮೆಯೇ ಇಲ್ಲವೆಂದು ತಾನೇ ತೀರ್ಪು ಬರೆದುಕೊಳ್ಳುವವನು, ತನಗೆ ಅರಿವಿಲ್ಲದೆ ನ್ಯಾಯಾಧೀಶನ ಪೀಠವನ್ನು ಏರಿರುತ್ತಾನೆ.

ಪೇತ್ರನ ಅಪರಾಧವೇನು ಹಗುರವಾದುದಲ್ಲ. ಎಲ್ಲರೂ ಬಿಟ್ಟುಹೋದರೂ ತಾನು ಬಿಡೆನೆಂದು ಹೇಳಿಕೊಂಡಿದ್ದವನು ಅವನು. ಅದೇ ರಾತ್ರಿ, ಮಹಾಯಾಜಕನ ಅಂಗಳದಲ್ಲಿ, ಆಳುಗಳು ಹೊತ್ತಿಸಿದ ಇದ್ದಲ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳುತ್ತ ಗುರುವನ್ನು ಅರಿಯೆನೆಂದ, ಮೂರು ಸಲ. ಕೋಳಿ ಕೂಗಿತು, ಹೊರಗೆ ಹೋಗಿ ಅತ್ತ.

ಆ ಇದ್ದಲ ಬೆಂಕಿ ಯೊವಾನ್ನನ ಶುಭಸಂದೇಶದಲ್ಲಿ ಇನ್ನೊಮ್ಮೆ ಬರುತ್ತದೆ. ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೆಡೆ ಬಿಟ್ಟರೆ ಬೇರೆಲ್ಲಿಯೂ ಇಲ್ಲ. ತಿಬೇರಿಯ ಸರೋವರದ ದಡ, ಮುಂಜಾನೆ, ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಪುನರುತ್ಥಾನ ಹೊಂದಿದ ಯೇಸು ಮೊದಲು ಉಣ್ಣಲು ಕರೆಯುತ್ತಾನೆ. ಪ್ರಶ್ನೆ ಊಟವಾದ ಮೇಲೆ. ಇವರೆಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಪ್ರೀತಿಸುವೆಯಾ ಎಂದು ಕೇಳುತ್ತಾನೆ. ಹಳೆಯ ಪೇತ್ರನಾಗಿದ್ದರೆ ಹೌದು, ಎಲ್ಲರಿಗಿಂತ ಎಂದುಬಿಡುತ್ತಿದ್ದ. ಈಗ ಪ್ರೀತಿ ಉಂಟೆಂಬುದನ್ನು ನೀನೇ ಬಲ್ಲೆ ಎನ್ನುತ್ತಾನೆ. ಇತರರೊಡನೆ ಹೋಲಿಸುವ ಮಾತನ್ನು ಎತ್ತುವುದೇ ಇಲ್ಲ. ಮೂರನೆಯ ಸಲವೂ ಅದನ್ನೇ ಕೇಳಿದಾಗ ನೊಂದುಕೊಂಡ, ಎದ್ದುಹೋಗಲಿಲ್ಲ. ಕುರಿಗಳನ್ನು ಮೇಯಿಸೆಂದು ಯೇಸು ಅವನಿಗೆ ಹೇಳಿದ್ದು ಆ ಬೆಂಕಿಯ ಬಳಿಯಲ್ಲೇ.