ರೋವರ್ಸ್ ಕಪ್ ಮತ್ತು ನಮ್ಮವರು



ಮುಂಬಯಿ ಕನ್ನಡಿಗರ ಚರಿತ್ರೆಯೆಂದರೆ ನಮಗೆ ರಾತ್ರಿಶಾಲೆಗಳು, ಯಕ್ಷಗಾನ, ಹೋಟೆಲು ಉದ್ಯಮ ನೆನಪಾಗುತ್ತವೆ. ಫುಟ್‌ಬಾಲ್ ನೆನಪಾಗುವುದಿಲ್ಲ. ಆದರೆ ಈ ನಗರದ ರೋವರ್ಸ್ ಕಪ್ಪಿನ ಇತಿಹಾಸದಲ್ಲಿ ನಮ್ಮ ನಾಡಿಗೊಂದು ಗೌರವದ ಸ್ಥಾನವಿದೆ.

1891ರಲ್ಲಿ ಆರಂಭವಾದ ಆ ಪಂದ್ಯಾವಳಿ ದಶಕಗಳ ಕಾಲ ಬ್ರಿಟಿಷ್ ಸೇನಾ ತಂಡಗಳ ಸೊತ್ತಿನಂತಿತ್ತು. ಅದನ್ನು ಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್; ವರ್ಷ 1937. ಸೋತದ್ದಾದರೂ ಸಾಮಾನ್ಯ ತಂಡವಲ್ಲ; 1934ರಿಂದ 1938ರವರೆಗೆ ಸತತ ಐದು ಬಾರಿ ಕಲಕತ್ತಾ ಲೀಗಿನ ಅಂಕಪಟ್ಟಿಯಲ್ಲಿ ಅಗ್ರಸ್ಥಾನ ಪಡೆದ ಮೊಹಮ್ಮಡನ್ ಸ್ಪೋರ್ಟಿಂಗ್. ಬೆಂಗಳೂರಿನವರು 1938ರಲ್ಲಿಯೂ 1948ರಲ್ಲಿಯೂ ಮತ್ತೆ ಕಪ್ ಗೆದ್ದರು.

ಇವರನ್ನು ನಾವೇಕೆ ಮರೆತೆವು? ತಂಡದ ಹೆಸರು ನೋಡಿ, ಆಟಗಾರರ ಮನೆಮಾತು ಉರ್ದುವಿರಬಹುದೆಂದು ಊಹಿಸಿ, ನಮ್ಮವರಲ್ಲವೆಂದುಕೊಂಡೆವೆ? ಹಾಗಾದರೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುತ್ತ ಕನ್ನಡ ಸಂಘ ಕಟ್ಟಿದವರು ಯಾರು? 2019ರ ಮಾರ್ಚ್ 17ರಂದು ಅಂಧೇರಿಯ ಮೈದಾನದಲ್ಲಿ ಬೆಂಗಳೂರು ಎಫ್‌ಸಿ ಐಎಸ್‌ಎಲ್ ಕಿರೀಟ ಧರಿಸಿದಾಗ, ಆ ಆಟಗಾರರಲ್ಲಿ ಕನ್ನಡ ಬಲ್ಲವರೆಷ್ಟು ಮಂದಿ ಎಂದು ನಾವು ಲೆಕ್ಕ ಹಾಕಲಿಲ್ಲ; ಹಿಗ್ಗಿದೆವು.

ಹೊರನಾಡಿನಲ್ಲಿ ನೆಲೆಸಿದ ನಾವು, ನಮ್ಮನ್ನೂ ಈ ನಗರದವರೆಂದು ಎಣಿಸಿರೆಂದು ಮಹಾರಾಷ್ಟ್ರವನ್ನು ಕೇಳುತ್ತೇವೆ. ಅದೇ ಅಳತೆಗೋಲನ್ನು ನಮ್ಮ ನೆನಪಿಗೂ ಹಿಡಿಯಬೇಡವೆ? 2001ರ ಅನಂತರ ರೋವರ್ಸ್ ಕಪ್ ನಡೆದಿಲ್ಲ. ನಮ್ಮ ಸಂಘವು ಬರೆಸುವ ಚರಿತ್ರೆಯಲ್ಲಾದರೂ ಆ ಹನ್ನೊಂದು ಮಂದಿಗೆ ಒಂದು ಪುಟವಿರಲಿ.